ಮೂವತ್ತೊಂದನೇ ಮಗು

ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳಿದ್ದರೆ ಸಮಗ್ರ ಶಿಕ್ಷಣ ಯೋಜನೆಯಿಂದ ವರ್ಷಕ್ಕೆ ಸಿಗುವ ಶಾಲಾ ಅನುದಾನ 10,000 ರೂಪಾಯಿ. ಮೂವತ್ತೊಂದನೇ ಮಗು ಸೇರಿತೆಂದರೆ ಅದು 25,000 ಆಗುತ್ತದೆ. ನೂರರವರೆಗೆ ಅಷ್ಟೇ. ನೂರ ಒಂದಾದರೆ 50,000, ಇನ್ನೂರ ಐವತ್ತು ದಾಟಿದರೆ 75,000, ಸಾವಿರ ದಾಟಿದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ಸೀಮೆಸುಣ್ಣ, ಹಾಜರಿ ಪುಸ್ತಕ, ಫಿನಾಯಿಲು, ಕಸಬರಿಕೆ, ಒಡೆದ ನಳ್ಳಿ, ಕಾಲು ಮುರಿದ ಬೆಂಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಉಳಿದದ್ದರಲ್ಲೇ ಆಗಬೇಕು.

ಶಿಕ್ಷಕರ ಲೆಕ್ಕವೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರುವತ್ತೊಂದಾದರೆ ಮೂವರು, ತೊಂಬತ್ತೊಂದಾದರೆ ನಾಲ್ವರು. ಇಬ್ಬರಿದ್ದಾಗ ಏನಾಗುತ್ತದೆ? ಒಂದು, ಎರಡು, ಮೂರನೇ ತರಗತಿಯವರನ್ನು ನಲಿ-ಕಲಿ ಎಂದು ಒಂದೇ ಕೋಣೆಯಲ್ಲಿ ಒಬ್ಬರು ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದು ಇನ್ನೊಬ್ಬರ ಪಾಲು. ಆ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಜವಾಬ್ದಾರಿಯನ್ನೂ ಹೊತ್ತಿರುತ್ತಾರೆ. ಅವರು ಇಲಾಖೆಯ ಸಭೆಗೋ ತರಬೇತಿಗೋ ಹೋದ ದಿನ ಐದು ತರಗತಿಗೆ ಉಳಿಯುವುದು ಒಬ್ಬರೇ. ಮಗುವನ್ನು ಬಿಡಲು ಬಂದ ತಾಯಿ ಆ ದೃಶ್ಯವನ್ನು ಎರಡು ಮೂರು ಸಲ ಕಂಡರೆ ಸಾಕು, ಮುಂದಿನ ವರ್ಷ ತಮ್ಮನನ್ನು ಬೇರೆ ಶಾಲೆಗೆ ಸೇರಿಸುತ್ತಾಳೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು ಹೆಚ್ಚುವರಿ ಪಟ್ಟಿಗೆ ಸೇರಿ ವರ್ಗವಾಗುತ್ತಾರೆ. ಶಿಕ್ಷಕರು ಹೋದರೆಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಶಾಲೆ ಮುಚ್ಚುವುದು ಒಂದೇ ದಿನದ ಸುದ್ದಿಯಾಗಿ ಪತ್ರಿಕೆಯಲ್ಲಿ ಬರುತ್ತದೆ, ಆದರೆ ಈ ಜಾರಾಟ ಐದಾರು ವರ್ಷಗಳಿಂದ ನಡೆದಿರುತ್ತದೆ.

ಮಂಗಳೂರಿನ ಹಳೆ ಊರಿನಲ್ಲಿ, ಅಂದರೆ ಬಂದರು, ರಥಬೀದಿ, ಕುದ್ರೋಳಿ, ಬೋಳಾರ, ಜೆಪ್ಪು, ಪಾಂಡೇಶ್ವರದ ಸುತ್ತ, ಶಾಲೆಯ ಮಾತು ಬಂದಾಗಲೆಲ್ಲ ಊರಿನ ಮಾತೂ ಬರುತ್ತದೆ. ಎರಡನ್ನೂ ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಸಭೆಗಳಲ್ಲಿ ಚರ್ಚಿಸುತ್ತೇವೆ ಎಂಬುದೇ ನನ್ನ ತಕರಾರು.

ಮಂಗಳೂರು ಒಟ್ಟಾರೆಯಾಗಿ ಕುಗ್ಗುತ್ತಿರುವ ನಗರವಲ್ಲ. ಸುರತ್ಕಲ್, ಕಾವೂರು, ಬೋಂದೆಲ್, ಕುಲಶೇಖರದ ಕಡೆ ಬೆಳೆಯುತ್ತಲೇ ಇದೆ. ಬರಿದಾಗುತ್ತಿರುವುದು ನಡುಊರು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೊಡ್ಡ ಬಂದರೆಂದು ಘೋಷಣೆಯಾದ ಮೇಲೆ ಹಡಗಿನ ವ್ಯಾಪಾರ ಅತ್ತ ಸರಿಯಿತು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆ ಮತ್ತು ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿ ಎಂಬ ಸರಕು ದೋಣಿಗಳು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ನೂರು ವರ್ಷ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟು, ಕಾಂಕ್ರೀಟಿನ ಕಾಲದಲ್ಲಿ ಒಂದೊಂದಾಗಿ ಚಿಮಣಿ ಆರಿಸಿತು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು, ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಶನ್ ಬ್ಯಾಂಕ್ ಸರಿಯಾಗಿ ಒಂದು ವರ್ಷದ ಬಳಿಕ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆ 2020ರ ಏಪ್ರಿಲ್‌ನಲ್ಲೇ ಕೋವಿಡ್ ಕಾರಣಕ್ಕೆ ಸೆಂಟ್ರಲ್ ಮಾರುಕಟ್ಟೆಯ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರು. ಪ್ರತಿಯೊಂದಕ್ಕೂ ಅದರದೇ ಕಾರಣವಿದೆ. ಒಟ್ಟು ಪರಿಣಾಮ ಮಾತ್ರ ಒಂದೇ: ಹಳೆ ಓಣಿಗಳಲ್ಲಿ ಕೆಳಗೆ ಅಂಗಡಿ ಉಳಿಯಿತು, ಮೇಲಿನ ಮಾಳಿಗೆಯಲ್ಲಿದ್ದ ಸಂಸಾರ ಹೋಯಿತು. ಮಾಳಿಗೆ ಗೋದಾಮಾಯಿತು, ಇಲ್ಲವೇ ಆರೇಳು ಜನ ದುಡಿಯುವ ಹುಡುಗರು ಸೇರಿ ಬಾಡಿಗೆಗಿರುವ ಕೋಣೆಯಾಯಿತು. ಸಂಸಾರ ಹೋದಲ್ಲಿ ಮಕ್ಕಳು ಹೋದರು, ಮಕ್ಕಳು ಹೋದಲ್ಲಿ ಶಾಲೆ ಬಡವಾಯಿತು.

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಈ ಭಾಗಕ್ಕೆ ಹಣವೇ ಬರಲಿಲ್ಲ ಎನ್ನುವಂತಿಲ್ಲ. ರಸ್ತೆ, ಫುಟ್‌ಪಾತ್, ಚರಂಡಿ, ಹಂಪನಕಟ್ಟೆಯ ಗಡಿಯಾರ ಗೋಪುರ ಎಲ್ಲ ಆದವು. ಆದರೆ ಒಂದು ಓಣಿಗೆ ಸಂಸಾರಗಳು ಮರಳಬೇಕಾದರೆ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಶಾಲೆ ಎಲ್ಲಿ ಎಂಬುದು. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ರಸ್ತೆ ಮಾಡಿದವರ ಕೈಯಲ್ಲಿಲ್ಲ.

ಏಕೆ ಇಲ್ಲ ಎಂದು ತಿಳಿಯಲು ಮನೆತೆರಿಗೆಯ ರಸೀದಿಯನ್ನು ಎದುರಿಗಿಟ್ಟುಕೊಳ್ಳಿ. ತೆರಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಆರೋಗ್ಯ ಸೆಸ್ ನೂರಕ್ಕೆ 15ರಂತೆ 750, ಗ್ರಂಥಾಲಯ ಸೆಸ್ 6ರಂತೆ 300, ಭಿಕ್ಷುಕರ ಸೆಸ್ 3ರಂತೆ 150. ಕಸದ ಶುಲ್ಕ ಬೇರೆ. ಶಾಲೆಗೆಂದು ಒಂದು ಸಾಲೂ ಇಲ್ಲ. ನಗರಕ್ಕೆ ನಾವು ಕಟ್ಟುವ ಹಣದಲ್ಲಿ ನಗರದ ಶಾಲೆಗೆ ಪಾಲಿಲ್ಲ. ಶಾಲೆಯ ಹಣವೆಲ್ಲ ರಾಜ್ಯದ ಬೊಕ್ಕಸದಿಂದ, ಸಮಗ್ರ ಶಿಕ್ಷಣದಂಥ ಯೋಜನೆಗಳಲ್ಲಿ ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಬರುತ್ತದೆ.

ಮೊದಲಿನಿಂದ ಹೀಗೇ ಇತ್ತೆಂದೇನೂ ಅಲ್ಲ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿನ 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಗಳು ಶಿಕ್ಷಣ ತೆರಿಗೆ ಹಾಕಲು ಅವಕಾಶವಿತ್ತು. ಜಿಲ್ಲಾ ಬೋರ್ಡು, ಮುನ್ಸಿಪಾಲಿಟಿಗಳು ಶಾಲೆ ನಡೆಸುತ್ತಿದ್ದವು. ಉಡುಪಿಯಲ್ಲಿ ಜನ ಈಗಲೂ ಬೋರ್ಡ್ ಹೈಸ್ಕೂಲ್ ಎಂದೇ ಕರೆಯುವುದು ಆ ಕಾಲದ ನೆನಪಿನಿಂದ. ಊರಿನ ಹಣ ಊರಿನ ಶಾಲೆಗೆ ಹೋಗುತ್ತಿದ್ದಾಗ ಅದರ ಬಗ್ಗೆ ಜಗಳವಾಡಲು ಊರಿನಲ್ಲೇ ಒಂದು ಜಾಗವಿತ್ತು. ಇಂದು ಚರಂಡಿ ತುಂಬಿದರೆ ಪಾಲಿಕೆಗೆ ಫೋನ್ ಮಾಡಬಹುದು. ಶಿಕ್ಷಕರಿಲ್ಲವೆಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮನವಿ ಕೊಟ್ಟು ಬರಬೇಕು, ಬಿಇಒ ಕೈಯಲ್ಲೂ ಹುದ್ದೆ ಇರುವುದಿಲ್ಲ.

ಹಳ್ಳಿಯ ಶಾಲೆಗಿಂತ ಪೇಟೆಯ ಶಾಲೆ ಅನುಕೂಲಸ್ಥ ಎಂಬ ನಂಬಿಕೆ ನಮ್ಮಲ್ಲಿದೆ. ಹಣದ ದಾರಿಯನ್ನು ನೋಡಿದರೆ ಅದು ತಪ್ಪು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತ್‌ಗಳ ವಿಷಯಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆ ಸೇರಿದ ಶಿಕ್ಷಣ ಎಂದು ಸ್ಪಷ್ಟವಾಗಿ ಇದೆ. ನಗರಗಳಿಗೆ ಸಂಬಂಧಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯದ ಅಂಶಗಳಿಗೆ ಉತ್ತೇಜನ ಎಂಬ ಮಾತಷ್ಟೇ ಉಂಟು. ಹಾಗಾಗಿ ಹಳ್ಳಿಯ ಶಾಲೆಗಳಲ್ಲಿ ನರೇಗಾ ಹಣದಿಂದ ಆವರಣಗೋಡೆ, ಆಟದ ಮೈದಾನ, ಅಡುಗೆಕೋಣೆ, ಶೌಚಾಲಯ ಆಗಿವೆ. ಪೇಟೆಯ ಶಾಲೆಗೆ ಆ ಬಾಗಿಲೇ ಇರಲಿಲ್ಲ. ಪಾಲಿಕೆಯಲ್ಲಿ ಪರಿಶಿಷ್ಟರಿಗೆ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ಶೇಕಡಾವಾರು ಮೀಸಲಿಟ್ಟ ಹಣವಿದೆ. ಅದು ಒಬ್ಬೊಬ್ಬ ಫಲಾನುಭವಿಗೆ ಸಿಗುತ್ತದೆ, ಶಾಲೆಗೆಂದು ಸಿಗುವುದು ಕಷ್ಟ.

ಅನುದಾನಿತ ಶಾಲೆಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಹಳೆ ಮಂಗಳೂರಿನ ಕನ್ನಡ ಶಾಲೆಗಳಲ್ಲಿ ಹೆಚ್ಚಿನವು ಇಗರ್ಜಿ, ಮಿಷನ್, ದೇವಸ್ಥಾನ, ಮಸೀದಿ ಅಥವಾ ಊರಿನ ಟ್ರಸ್ಟುಗಳು ಕಟ್ಟಿದವು. ಸರಕಾರ ಕೊಡುವುದು ಮಂಜೂರಾದ ಶಿಕ್ಷಕರ ಸಂಬಳ, ಮಕ್ಕಳ ಪಠ್ಯಪುಸ್ತಕ, ಬಿಸಿಯೂಟ, ಹಾಲು. ಸಮವಸ್ತ್ರವಿಲ್ಲ, ಮೇಲೆ ಹೇಳಿದ ಶಾಲಾ ಅನುದಾನವಿಲ್ಲ. ಸರಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರಿನ ಆದೇಶ 2024ರಲ್ಲಿ ಬಂತು. ಅನುದಾನಿತ ಶಾಲೆ ಮಾತ್ರ ಮೆಸ್ಕಾಂ ಬಿಲ್ಲನ್ನು ತಾನೇ ಕಟ್ಟಬೇಕು. ಒಬ್ಬ ಶಿಕ್ಷಕಿ ನಿವೃತ್ತರಾದರೆ ಆ ಹುದ್ದೆ ತುಂಬಲು ಅನುಮತಿ ಸಿಗುವುದು ವರ್ಷಗಟ್ಟಲೆ ತಡ. ಅಷ್ಟರವರೆಗೆ ಆಡಳಿತ ಮಂಡಳಿ ತನ್ನ ಕಿಸೆಯಿಂದ ಗೌರವ ಶಿಕ್ಷಕಿಯನ್ನು ಇಟ್ಟುಕೊಳ್ಳಬೇಕು. ಅದೇ ಮಂಡಳಿಗೆ ಒಂದು ಆಂಗ್ಲ ಮಾಧ್ಯಮ ಶಾಲೆಯೂ ಇದ್ದರೆ, ಹಣ ಮತ್ತು ಗಮನ ಯಾವ ಕಡೆ ಹರಿಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾಡಿನ, ಅಂದರೆ ಸೂರಿನ ವಿಷಯ. ಮಂಗಳೂರಿನ ಶಾಲೆಗಳ ಖರ್ಚಿನ ಬಗ್ಗೆ ಮಾತಾಡುವವರು ಮೊದಲು ಮಾಡನ್ನು ನೋಡಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಹಳೆ ಶಾಲೆಗಳೆಲ್ಲ ಮುರಕಲ್ಲಿನ ಗೋಡೆ, ಇಳಿಜಾರಿಗೆ ಮರದ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ಹೊಡೆದ ರೀಪು, ಮೇಲೆ ಹಂಚು. ಇಪ್ಪತ್ತಡಿ ಉದ್ದ ಇಪ್ಪತ್ತಡಿ ಅಗಲದ ಒಂದು ಕೋಣೆ ತೆಗೆದುಕೊಳ್ಳಿ. ನಾಲ್ಕೂ ಬದಿಗೆ ಎರಡೆರಡು ಅಡಿ ಇಳಿಜಾರು ಚಾಚಿದರೆ ಮಾಡಿನ ನೆಲದಳತೆ 576 ಚದರಡಿ. ಓರೆ ಸೇರಿಸಿದರೆ ಸುಮಾರು 665. ಚದರಡಿಗೆ ಒಂದೂವರೆ ಹಂಚಿನ ಲೆಕ್ಕದಲ್ಲಿ ಸಾವಿರ ಹಂಚು. ಒಂದು ಹಂಚು ಎರಡೂವರೆ ಕಿಲೋ ತೂಗಿದರೆ ಒಣಗಿದ್ದಾಗಲೇ ಎರಡೂವರೆ ಟನ್ ಭಾರ, ಜುಲೈಯಲ್ಲಿ ನೀರು ಕುಡಿದ ಮೇಲೆ ಇನ್ನೂ ಜಾಸ್ತಿ. ಇಷ್ಟನ್ನೂ ಹೊರುವುದು ಗೋಡೆಯ ತಲೆಯ ಮೇಲೆ ಕೂತ ಪಕ್ಕಾಸಿನ ಕಾಲು. ಗೆದ್ದಲು ಹಿಡಿಯುವುದೂ ಸರಿಯಾಗಿ ಅಲ್ಲೇ, ಮರವು ಮುರಕಲ್ಲಿಗೆ ತಾಗುವ ಜಾಗದಲ್ಲಿ. ಕೆಳಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಏಣಿ ಹತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಕ್ಕಾಸಿನ ಕಾಲನ್ನೂ ಚುಚ್ಚಿ ನೋಡಬೇಕು. ತುದಿ ಸಲೀಸಾಗಿ ಒಳಗಿಳಿದರೆ ಆ ಪಕ್ಕಾಸು ಮುಗಿದ ಕತೆ.

ಸೋರುವ ಜಾಗ ಹುಡುಕಲು ನಡುಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ಹಂಚು ಒಡೆದಿರುವುದಕ್ಕಿಂತ ಜಾರಿರುವುದೇ ಹೆಚ್ಚು, ಸರಿಸಿದರೆ ಸಾಕು. ಮೇ ತಿಂಗಳ ಮೊದಲ ಮಳೆ ಬಿದ್ದಾಗ ಹನಿ ಬೀಳುವ ನೆಲಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ತೂತು ಆ ಗುರುತಿನ ನೇರ ಮೇಲೆ ಇರುವುದಿಲ್ಲ. ನೀರು ರೀಪಿನ ಗುಂಟ ಹರಿದು ಬಂದು ಬೀಳುವುದರಿಂದ ಒಂದೆರಡು ಸಾಲು ಮೇಲಕ್ಕೆ ಹುಡುಕಬೇಕು. ಎಲ್ಲರೂ ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಡೆದ ಹಳೆ ಹಂಚಿನ ಜಾಗಕ್ಕೆ ಹೊಸ ಹಂಚು ತುರುಕುತ್ತಾರೆ. ಒಂದೊಂದು ಕಾರ್ಖಾನೆಯ ಹಂಚಿನ ಅಚ್ಚು ಒಂದೊಂದು ತರ. ತೋಡು ತೋಡಿಗೆ ಕೂರುವುದಿಲ್ಲ, ಮುಂದಿನ ಮಳೆಗೆ ಅಲ್ಲೇ ಸೋರುತ್ತದೆ. ಆ ಕಾರ್ಖಾನೆಗಳು ಮುಚ್ಚಿರುವುದರಿಂದ ಅದೇ ಹಂಚು ಸಿಗುವುದೂ ಇಲ್ಲ. ಒಂದು ಬದಿಯ ಇಳಿಜಾರಿನ ಹಂಚನ್ನೆಲ್ಲ ಇಳಿಸಿ, ಒಳ್ಳೆಯದನ್ನು ಆರಿಸಿ ಇನ್ನೊಂದು ಬದಿಯ ತೂತುಗಳಿಗೆ ಹಾಕಿ, ಖಾಲಿಯಾದ ಬದಿಗೆ ಪೂರ್ತಿ ಹೊಸತು ಹೊದೆಸುವುದೇ ಸರಿಯಾದ ಕ್ರಮ. ಇಬ್ಬರು ಬಡಗಿಗಳಿಗೆ ದಿನಕ್ಕೆ ತಲಾ 1,200, ಮೂವರು ಸಹಾಯಕರಿಗೆ ತಲಾ 900 ಹಿಡಿದರೂ ಐದು ದಿನದ ಕೂಲಿಯೇ 25,500. ಅಂದರೆ ನೂರು ಮಕ್ಕಳ ಶಾಲೆಯ ಇಡೀ ವರ್ಷದ ಅನುದಾನ ಒಂದು ಕೋಣೆಯ ಕೂಲಿಗೇ ಸಾಲದು.

ಹಂಚು ತೆಗೆದು ತಗಡು ಹಾಕಿ ಎಂಬ ಸಲಹೆ ತಕ್ಷಣ ಬರುತ್ತದೆ. ತಗಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿಕ್ಷಕಿಯ ಧ್ವನಿ ಎರಡನೇ ಬೆಂಚಿಗೆ ಕೇಳುವುದಿಲ್ಲ, ಮಾರ್ಚ್‌ನಲ್ಲಿ ಮಕ್ಕಳು ಬೇಯುತ್ತಾರೆ. ಕಾಂಕ್ರೀಟಿನ ಚಪ್ಪಡಿ ಹಾಕಿದರೆ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆ ಕಳಚುತ್ತದೆ, ಕೊನೆಗೆ ಅದರ ಮೇಲೂ ತಗಡಿನ ಮಾಡು ಬರುತ್ತದೆ. ಮಂಗಳೂರಿನಲ್ಲಿ ತಲೆಯೆತ್ತಿ ನೋಡಿದರೆ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಚೆನ್ನಾಗಿ ನೋಡಿಕೊಂಡ ಹಂಚಿನ ಮಾಡೇ ಈ ಹವೆಗೆ ಮಕ್ಕಳ ಪಾಲಿಗೆ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಕೆಲಸಕ್ಕಿರುವ ಸಮಯ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಆರು ವಾರ. ಅನುದಾನ ಕಂತುಗಳಲ್ಲಿ ತಡವಾಗಿ ಬಂದು, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸಾಗುವ ವ್ಯವಸ್ಥೆಯಲ್ಲಿ ಮಾಡಿಗೆ ಕೈಹಾಕುವ ಹೊತ್ತಿಗೆ ಖಾತೆ ಖಾಲಿ. ಹಾಗಾಗಿ ಮಾರ್ಚ್‌ನಲ್ಲಿ ಬೇಗ ಮುಗಿಯುವ ಕೆಲಸವೆಂದು ಗೋಡೆಗೆ ಬಣ್ಣ ಹೊಡೆಸುತ್ತಾರೆ. ಬಣ್ಣದ ಗೋಡೆಯ ಮೇಲೆ ಜೂನ್‌ನಲ್ಲಿ ನೀರಿಳಿಯುತ್ತದೆ.

ದಾನಿಗಳ ಹಣವೂ ಗೋಡೆಯ ಕಡೆಗೇ ಹೋಗುವುದು ನಮ್ಮ ಕರಾವಳಿಯ ಹಳೆ ರೂಢಿ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಎರಡರಿಂದಲೂ ಕೋಣೆ ಕಟ್ಟಬಹುದು, ಸಂಬಳ ಕೊಡಲಾಗದು. ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣಕ್ಕೂ ಫೋಟೋದಲ್ಲಿ ಕಾಣುವ ಕಟ್ಟಡವೇ ಪ್ರಿಯ. ಶತಮಾನೋತ್ಸವ ಬಂತೆಂದರೆ ಮುಂಬಯಿ ಸಮಿತಿ, ಗಲ್ಫ್ ಸಮಿತಿ ಆಗುತ್ತದೆ. ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ಕೊಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟದ್ದು ರಂಗಮಂದಿರ, ಮಹಾದ್ವಾರ, ಸ್ಮರಣ ಸಂಚಿಕೆಗೆ ಮುಗಿಯುತ್ತದೆ. ಮರುವರ್ಷ ಅದೇ ಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರಿಲ್ಲ.

ಅದೇ ಹಣವನ್ನು ಮೂಲಧನವಾಗಿ ಇಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಒಬ್ಬ ಗೌರವ ಶಿಕ್ಷಕಿಗೆ ತಿಂಗಳಿಗೆ 12,000, ಹತ್ತು ತಿಂಗಳಿಗೆ 1,20,000. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ವರ್ಷದ ಆದಾಯದ ನೂರಕ್ಕೆ 85 ಪಾಲನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, 15 ಪಾಲನ್ನು ಉಳಿಸಿಕೊಳ್ಳಬಹುದು. ಆ 15ನ್ನು ಮೂಲಧನಕ್ಕೇ ಸೇರಿಸುತ್ತ ಹೋದರೆ ಬೆಲೆಯೇರಿಕೆಗೆ ಸ್ವಲ್ಪ ತಡೆಯಾಗುತ್ತದೆ. ಹಾಗಾದರೆ ವರ್ಷಕ್ಕೆ ಬೇಕಾದ ಬಡ್ಡಿ ಸುಮಾರು 1,41,000. ನೂರಕ್ಕೆ 7ರ ಬಡ್ಡಿಯಲ್ಲಿ ಮೂಲಧನ ಇಪ್ಪತ್ತು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಒಂದು ಮಧ್ಯಮ ಗಾತ್ರದ ರಂಗಮಂದಿರದ ಹಣ, ಒಬ್ಬ ಶಿಕ್ಷಕಿ ಶಾಶ್ವತವಾಗಿ.

ಇದನ್ನು ಮಾಡುವಾಗ ಎಡವುವ ಜಾಗಗಳಿವೆ. ಮೂಲಧನವನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಯಲ್ಲಿ ಇಡಬಾರದು. ಅದು ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆ, ಇಬ್ಬರೂ ಬದಲಾಗುತ್ತಿರುತ್ತಾರೆ. ಪ್ರತ್ಯೇಕ ಟ್ರಸ್ಟನ್ನೋ ಸಂಘವನ್ನೋ ನೋಂದಾಯಿಸಿ, ಪ್ಯಾನ್ ಪಡೆದು, ಆದಾಯ ತೆರಿಗೆ ಇಲಾಖೆಯಿಂದ ಸಂಸ್ಥೆಗೆ ತೆರಿಗೆ ವಿನಾಯಿತಿಯ ನೋಂದಣಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ಅನುಮೋದನೆ ಮಾಡಿಸಬೇಕು. ಸಂಘವಾದರೆ ಪ್ರತಿವರ್ಷ ಲೆಕ್ಕಪತ್ರವನ್ನು ಸಂಘಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಎರಡು ಮೂರು ವರ್ಷ ಬಿಟ್ಟುಹೋದರೆ ಮತ್ತೆ ಸರಿಮಾಡಲು ದಂಡ, ಓಡಾಟ. ನಮ್ಮೂರಿಗೆ ಮುಖ್ಯವಾದ ಇನ್ನೊಂದು ಸಂಗತಿ: ದುಬೈಯಲ್ಲಿ ದುಡಿಯುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ್ದೋ ಕೆನಡಾದ್ದೋ ಪೌರತ್ವ ಪಡೆದವರು ಕಳಿಸಿದರೆ, ಅವರ ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ರಸೀದಿ ಬರೆಯುವ ಮೊದಲೇ ದಾನಿಯ ಪೌರತ್ವ ಕೇಳಬೇಕು. ಕೇಳಲು ಸಂಕೋಚಪಟ್ಟರೆ ಆಮೇಲೆ ಕಷ್ಟ.

ಪೋಷಕರಿಂದಲೇ ಸಂಗ್ರಹಿಸಬಹುದಲ್ಲ ಎನ್ನುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಟಿತ್ತು. ವಿರೋಧ ಬಂದು ಹಿಂದಕ್ಕೆ ಪಡೆದರು. ಪಡೆದದ್ದು ಸರಿಯೇ. ಸರಕಾರಿ ಶಾಲೆಗೆ ಮಗುವನ್ನು ಕಳಿಸುವ ಮನೆಗೆ ಆ ನೂರು ರೂಪಾಯಿ ದೊಡ್ಡದು, ಕೊಡದವರ ಮಗು ತರಗತಿಯಲ್ಲಿ ತಲೆತಗ್ಗಿಸುವಂತಾಗುವುದು ಅದಕ್ಕಿಂತ ದೊಡ್ಡದು.

ಮಕ್ಕಳನ್ನು ಕರೆತರಲು ವ್ಯಾನ್ ಕೊಳ್ಳುವ ಉತ್ಸಾಹ ಈಗ ಎಲ್ಲೆಡೆ ಇದೆ. ಹಳ್ಳಿಯಲ್ಲಿ ಅದು ಶಾಲೆಗಳನ್ನು ಉಳಿಸಿದ್ದೂ ಉಂಟು. ಹಳೆ ಊರಿಗೆ ಅದು ಹೊಂದುವುದಿಲ್ಲ ಎಂದು ನನಗನಿಸುತ್ತದೆ. ಸೆಕೆಂಡ್‌ಹ್ಯಾಂಡ್ ವ್ಯಾನನ್ನು ಬಿಳಿ ಬೋರ್ಡಿನಲ್ಲೇ ಓಡಿಸುತ್ತಾರೆ, ಅಪಘಾತವಾದರೆ ವಿಮೆ ಕೈಕೊಡುತ್ತದೆ. ಸರಿಯಾಗಿ ಮಾಡುವುದಾದರೆ ಹಳದಿ ಬಣ್ಣ, ಪರ್ಮಿಟ್, ವೇಗ ನಿಯಂತ್ರಕ, ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ, ಅಂದರೆ ಓಡಿಸಲು ಯೋಗ್ಯವೆಂಬ ಪತ್ರ. ಚಾಲಕನ ಸಂಬಳ, ಡೀಸೆಲ್, ರಿಪೇರಿ ಸೇರಿ ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು ಅಂದಾಜು ಮಾಡಿದರೆ ಇಪ್ಪತ್ತೈದು ಮಕ್ಕಳಿಗೆ ತಲಾ 1,200. ಬೋಳಾರದ ಓಣಿಗಳಲ್ಲಿ ವ್ಯಾನ್ ತಿರುಗುವುದೂ ಇಲ್ಲ. ಒಂದೂವರೆ ಕಿಲೋಮೀಟರಿನೊಳಗಿನ ಮಕ್ಕಳನ್ನು ಬೆಳಗ್ಗೆ ಮನೆಮನೆಯಿಂದ ಕೂಡಿಸಿ ಕೈಹಿಡಿದು ನಡೆಸಿಕೊಂಡು ಬರುವ ಒಬ್ಬ ಆಯಾ ಇದ್ದರೆ ಖರ್ಚು ಮೂರನೇ ಒಂದು ಪಾಲು, ಹಗಲಲ್ಲಿ ಶಾಲೆಗೂ ಒಂದು ಕೈ. ಅವರು ನಡೆಯುವ ದಾರಿಗೆ ಮುರಿಯದ ಚಪ್ಪಡಿಯ ಫುಟ್‌ಪಾತ್ ಬೇಕು. ಅದು ಪಾಲಿಕೆಯ ಕೆಲಸ. ಶಾಲೆ ಮತ್ತು ಊರಿನ ಲೆಕ್ಕ ಒಂದೇ ಪುಟಕ್ಕೆ ಬರುವುದು ಇಂಥಲ್ಲಿ.

ವಿಲೀನದ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಎಲ್ಲ ಶಾಲೆಗಳನ್ನೂ ಉಳಿಸಬೇಕೆಂಬ ಕೂಗಿಗೆ ನಾನು ದನಿಗೂಡಿಸಲಾರೆ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಎರಡು ಕಬಡ್ಡಿ ತಂಡವಾಗದು, ಓರಗೆಯವರೊಡನೆ ಪೈಪೋಟಿ ಇಲ್ಲ, ಜಗಳವೂ ಇಲ್ಲ. ಕಿರಿಯ ಪ್ರಾಥಮಿಕಕ್ಕೆ ಒಂದು ಕಿಲೋಮೀಟರ್, ಹಿರಿಯ ಪ್ರಾಥಮಿಕಕ್ಕೆ ಮೂರು ಎಂಬುದು ನಿಯಮದ ದೂರ. ಹಳೆ ಊರಿನಲ್ಲಿ ಒಂದೇ ಕಿಲೋಮೀಟರಿನೊಳಗೆ ಸರಕಾರಿ, ಅನುದಾನಿತ ಸೇರಿ ಮೂರು ಶಾಲೆ ಸಿಗುವ ಜಾಗಗಳಿವೆ. ದೊಡ್ಡ ರಸ್ತೆ ದಾಟದೆ ನಡೆದು ಹೋಗಬಲ್ಲ ಒಂದನ್ನು ಆರಿಸಿ, ಮೂರು ಕಡೆಯ ಶಿಕ್ಷಕರನ್ನೂ ಅಲ್ಲಿಗೇ ಕೊಟ್ಟರೆ ಅದು ನಿಜವಾದ ಶಾಲೆಯಾಗುತ್ತದೆ. ವಿಲೀನವೆಂದು ಮಕ್ಕಳನ್ನು ಸೇರಿಸಿ ಶಿಕ್ಷಕರನ್ನು ಬೇರೆಲ್ಲಿಗೋ ಕಳಿಸಿದರೆ ಅದು ಬರೀ ಮುಚ್ಚುವಿಕೆ.

ಖಾಲಿಯಾದ ಕಟ್ಟಡದ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ವಿಲೀನದ ಮೊದಲೇ ನೋಡಬೇಕು. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗಗಳು ಬಹಳ. ದಾಖಲೆಯಲ್ಲಿ ದಾನಿಯ ಕುಟುಂಬದ ಹೆಸರೇ ಇರುತ್ತದೆ, ಬೀಗ ಬಿದ್ದ ಮರುವರ್ಷ ಮೊಮ್ಮಕ್ಕಳ ವಕೀಲರು ಬರುತ್ತಾರೆ. ದಾನಪತ್ರ ನೋಂದಾಯಿಸಿ ಪ್ರಾಪರ್ಟಿ ಕಾರ್ಡು ಇಲಾಖೆಯ ಹೆಸರಿಗಾಗುವಂತೆ ಶಾಲೆ ನಡೆಯುತ್ತಿರುವಾಗಲೇ ಮಾಡಬೇಕು. ಹಳೆ ಊರಿನಲ್ಲಿ ಉಳಿದಿರುವ ದೊಡ್ಡ ತೆರೆದ ಅಂಗಳಗಳೆಂದರೆ ಶಾಲೆಯವೇ. ಅವು ವಾಹನ ನಿಲ್ದಾಣವಾಗಬಾರದು. ನಾವು ಪ್ರತಿವರ್ಷ ಕಟ್ಟುವ ಗ್ರಂಥಾಲಯ ಸೆಸ್ ನಗರ ಗ್ರಂಥಾಲಯಕ್ಕೆ ಹೋಗಬೇಕಾದ ಹಣ. ಅದರಿಂದ ಒಂದು ಶಾಖೆಯನ್ನು ಖಾಲಿ ತರಗತಿಯಲ್ಲಿ ತೆರೆಯಬಹುದು: ರಸ್ತೆಯ ಕಡೆಗೆ ಬೇರೆ ಬಾಗಿಲು, ಶಾಲೆಯ ಹೊತ್ತಿನಲ್ಲಿ ಮಕ್ಕಳಿಗೆ, ಸಂಜೆ ಊರವರಿಗೆ, ಬೀಗದ ಕೈ ಯಾರ ಹತ್ತಿರ ಎಂಬುದು ಇಲಾಖೆಯ ಲಿಖಿತ ಅನುಮತಿಯಲ್ಲೇ ಬರೆದಿರಬೇಕು. ರಾತ್ರಿ ಎಂಟರವರೆಗೆ ದೀಪ ಉರಿಯುವ ಒಂದು ಕಟ್ಟಡ ಇದ್ದರೆ ಆ ಓಣಿಯಲ್ಲಿ ಹೆಣ್ಣುಮಕ್ಕಳು ನಡೆದಾಡುತ್ತಾರೆ.

ಇದನ್ನೆಲ್ಲ ಕೇಳಲು ಒಂದು ಕ್ರಮ ಉಂಟು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿ ಮೂರು ವರ್ಷದ ಅಭಿವೃದ್ಧಿ ಯೋಜನೆ ಬರೆಯಬೇಕು, ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲು, ಅಂದರೆ ಡಿಸೆಂಬರ್ ಒಳಗೆ. ಪಾಲಿಕೆಯ ಬಜೆಟ್ ತಯಾರಾಗುವುದು ಅದರ ನಂತರ. ಶಾಲೆಯ ಯೋಜನೆಯಲ್ಲಿ ಇಲಾಖೆಗೆ ಸೇರಿದ್ದು ಯಾವುದು, ಪಾಲಿಕೆಗೆ ಸೇರಿದ್ದು ಯಾವುದು ಎಂದು ಎರಡು ಪಟ್ಟಿ ಮಾಡಿ, ಎರಡನೆಯದನ್ನು ಜನವರಿಯ ವಾರ್ಡ್ ಸಮಿತಿ ಸಭೆಗೆ ಲಿಖಿತವಾಗಿ ಕೊಡಬೇಕು. ಗೇಟಿನೆದುರಿನ ಚರಂಡಿ, ಫುಟ್‌ಪಾತ್, ಬೀದಿದೀಪ, ನೀರಿನ ಸಂಪರ್ಕ, ಗ್ರಂಥಾಲಯ. ಅಳತೆ ಸಮೇತ ಬರೆಯಬೇಕು. ರಸ್ತೆ ಸರಿಮಾಡಿ ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. ಗೇಟಿನಿಂದ ಬಸ್ ನಿಲ್ದಾಣದವರೆಗೆ 140 ಮೀಟರ್, ಮೂರು ಕಡೆ ಚಪ್ಪಡಿ ಇಲ್ಲ ಎಂದು ಬರೆದರೆ ಎಂಜಿನಿಯರ್‌ಗೆ ಅಂದಾಜು ಪಟ್ಟಿ ಮಾಡಲು ಆಗುತ್ತದೆ.

ಆಂಗ್ಲ ಮಾಧ್ಯಮ ತೆರೆದರೆ ಎಲ್ಲ ಸರಿಯಾಗುತ್ತದೆ ಎಂಬ ವಾದವನ್ನು ಕೇಳಿ ಕೇಳಿ ಸಾಕಾಗಿದೆ. 2019-20ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ವಿಭಾಗ ಶುರುವಾಯಿತು. ಶಿಕ್ಷಕರನ್ನು ಹೆಚ್ಚಿಸದೆ ವಿಭಾಗ ಹೆಚ್ಚಿಸಿದರೆ ಇಬ್ಬರು ಮಾಡುತ್ತಿದ್ದ ಐದು ತರಗತಿಯ ಕೆಲಸ ಇನ್ನೂ ಚೂರಾಗುತ್ತದೆ. ಜೊತೆಗೆ, ಮಾಧ್ಯಮದ ಜಗಳದಲ್ಲಿ ನಾವು ಮರೆಯುವ ಒಂದು ಸಂಗತಿ ನಮ್ಮ ಊರಿನದೇ. ಇಲ್ಲಿನ ಹೆಚ್ಚಿನ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವ ಭಾಷೆ. ಇಂದು ಹಳೆ ಊರಿನ ಕನ್ನಡ ಶಾಲೆಯ ಬೆಂಚಿನಲ್ಲಿ ಕನ್ನಡವನ್ನು ಮನೆಯಿಂದಲೇ ತಂದ ಮಗು ಬಾಗಲಕೋಟೆಯದೋ ಕೊಪ್ಪಳದ್ದೋ ರಾಯಚೂರಿನದೋ ಆಗಿರುತ್ತದೆ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಬಂದವರು. ಇಲ್ರೀ ಟೀಚರ್ ಎಂದು ಅದು ಎದ್ದು ನಿಂತರೆ ಪಕ್ಕದ ಹುಡುಗ ತುಳುವಿನಲ್ಲಿ ಪಿಸುಗುಟ್ಟುತ್ತಾನೆ, ಮೂರು ತಿಂಗಳಲ್ಲಿ ಇಬ್ಬರಿಗೂ ಎರಡೂ ಬರುತ್ತದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ನೂರಕ್ಕೆ 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು ಬಂತೆಂದು ನಾವು ಹೆಮ್ಮೆಪಡುವಾಗ ಈ ಮಕ್ಕಳನ್ನೂ ನಮ್ಮವರೆಂದು ಎಣಿಸಬೇಕು.

ಎಣಿಸುವುದು ಎಂದರೆ ಅಕ್ಷರಶಃ ಎಣಿಸುವುದು. ಪ್ರತಿ ಶಾಲೆಯ ಮಕ್ಕಳ ಲೆಕ್ಕ ಇಡುವ ಕೇಂದ್ರದ ಯುಡೈಸ್ ದಾಖಲೆಗೆ ಸೆಪ್ಟೆಂಬರ್ 30ರ ಸಂಖ್ಯೆ ಆಧಾರ. ದಾಖಲಾತಿ ಆಂದೋಲನ ನಡೆಯುವುದು ಮೇ ಕೊನೆ ಮತ್ತು ಜೂನ್‌ನಲ್ಲಿ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಕೆಲಸದವರು ಆಗ ಊರಿಗೆ ಹೋಗಿರುತ್ತಾರೆ. ಕಟ್ಟಡ ಕಾರ್ಮಿಕರೂ ಬಿತ್ತನೆಗೆಂದು ಘಟ್ಟ ಹತ್ತಿರುತ್ತಾರೆ. ಜೂನ್‌ನಲ್ಲಿ ಜಾಥಾ ಮಾಡಿ ಮಕ್ಕಳಿಲ್ಲ ಎಂದು ಬರೆದುಕೊಂಡರೆ ಅದು ಆ ತಿಂಗಳ ಸತ್ಯ ಮಾತ್ರ.

ಅವರು ಮರಳುವುದು ಆಗಸ್ಟ್‌ನಿಂದ. ಆಗ ಬಂದ ಮಗುವಿನ ಕೈಯಲ್ಲಿ ವರ್ಗಾವಣೆ ಪತ್ರ ಇರುವುದಿಲ್ಲ, ಜನನ ಪತ್ರ ಇರುವುದಿಲ್ಲ. ಎರಡೂ ಇಲ್ಲವೆಂದು ವಾಪಸು ಕಳಿಸುವಂತಿಲ್ಲ, ತಡವಾಯಿತೆಂದೂ ಕಳಿಸುವಂತಿಲ್ಲ, ಕಾಯ್ದೆ ಸ್ಪಷ್ಟವಾಗಿದೆ. ವಯಸ್ಸಿಗೆ ತಕ್ಕ ತರಗತಿಗೆ ಅದೇ ದಿನ ಕೂರಿಸಿ, ಹಿಂದಿನ ಶಾಲೆಯ ಊರು ಮತ್ತು ಟೀಚರ ಹೆಸರು ಕೇಳಿಕೊಂಡು, ಅಲ್ಲಿಗೆ ಫೋನ್ ಮಾಡಿ ಸ್ಯಾಟ್ಸ್ ಸಂಖ್ಯೆ, ಅಂದರೆ ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ, ತೆಗೆದುಕೊಳ್ಳಬೇಕು. ಹಳೆ ಶಾಲೆ ತನ್ನ ಪಟ್ಟಿಯಿಂದ ಬಿಟ್ಟುಕೊಡದಿದ್ದರೆ ಮಗು ಇಲ್ಲಿ ಕೂತಿದ್ದರೂ ಲೆಕ್ಕಕ್ಕೆ ಅಲ್ಲೇ ಇರುತ್ತದೆ. ಎರಡು ಸಲ ಫೋನ್ ಮಾಡಿ ಆಗದಿದ್ದರೆ ಬಿಇಒ ಮೂಲಕ ಬರೆಯಬೇಕು, ಇದಕ್ಕೇ ಮೂರು ನಾಲ್ಕು ವಾರ ಹಿಡಿಯುತ್ತದೆ. ಪಠ್ಯಪುಸ್ತಕ ಹಿಂದಿನ ವರ್ಷದ ಮಕ್ಕಳಿಂದ ಪಡೆದು ಇಟ್ಟುಕೊಂಡಿರಬೇಕು. ಆದ್ದರಿಂದ ದಕ್ಕೆಗೆ ಹೋಗಬೇಕಾದದ್ದು ಆಗಸ್ಟ್‌ನ ಮೊದಲ ಎರಡು ವಾರದಲ್ಲಿ. ಬೆಳಗ್ಗೆ ಹೋದರೆ ಮೀನಿನ ಹರಾಜಿನ ಗಡಿಬಿಡಿ, ಯಾರೂ ಮಾತಿಗೆ ಸಿಗುವುದಿಲ್ಲ. ಸಂಜೆ ಐದರ ಮೇಲೆ ಬಿಡಾರದ ಹತ್ತಿರ ಒಲೆ ಹೊತ್ತಿಸುವ ಹೊತ್ತಿಗೆ, ಅವರ ಕಡೆಯ ಕನ್ನಡ ಬಲ್ಲ ಒಬ್ಬ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು.